ಉಪ್ಪು ನೋಡುವ ಕೈ

"ಏನೂ ತಿಂದಿಲ್ಲ ತಾನೆ?" ಸ್ಕ್ಯಾನ್ ಮಾಡುವಾಕೆ ಮತ್ತೊಮ್ಮೆ ಕೇಳಿದಳು.

"ರಾತ್ರಿ ಊಟ ಮಾಡಿದ್ದೇ ಕೊನೆ ಮೇಡಂ," ಎಂದ ಅಡುಗೆಯವನು. ಹಾಸ್ಟೆಲ್ಲಿನ ಇನ್ನೂರು ಹುಡುಗಿಯರ ಹೊಟ್ಟೆ ತುಂಬಿಸುವ ಮಹಾರಾಯ, ಈಗ ಅಂಗಿ ಮೇಲೆತ್ತಿಕೊಂಡು ತನ್ನ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿಸಿಕೊಂಡು ಮಲಗಿದ್ದ.

ಕರುಳಿನ ಉರಿಯೂತ ಬೆನ್ನು ಹತ್ತಿ ಆರು ವರ್ಷವಾಗಿತ್ತು. ಕರುಳಿಗೆ ಹೋಗುವ ದೊಡ್ಡ ನಾಳದಲ್ಲಿ ರಕ್ತ ಎಷ್ಟು ಜೋರಾಗಿ ಹರಿಯುತ್ತಿದೆ ಎಂದು ಈ ಯಂತ್ರ ಅಳೆಯುತ್ತದೆ. ಒಳಗೆ ಊತ ಹೆಚ್ಚಿದರೆ ಹರಿವೂ ಹೆಚ್ಚು. ಈ ಸಲವೂ ಇಳಿಯದಿದ್ದರೆ ಔಷಧಿ ಸೋತಂತೆ, ಕರುಳು ಕತ್ತರಿಸಬೇಕಾದೀತು ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಮಲ ಹೋಗಲು ಹೊಟ್ಟೆಗೆ ಚೀಲ ಅಂಟಿಸಿಕೊಂಡವನನ್ನು ಯಾವ ಅಡುಗೆಮನೆಯವರು ಒಳಗೆ ಬಿಟ್ಟುಕೊಂಡಾರು? ಅದೊಂದೇ ಯೋಚನೆ ಅವನನ್ನು ಕಿತ್ತು ತಿನ್ನುತ್ತಿತ್ತು.

ಯಂತ್ರದಿಂದ ಅವನ ರಕ್ತವೇ ಬುಸ್ ಬುಸ್ ಎಂದಿತು.

"ಹೋದ ಸಲಕ್ಕಿಂತ ಜಾಸ್ತಿ ಇದೆ," ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ.

ಗೋಡೆಗೊರಗಿ ನಿಂತಿದ್ದ ಹೆಂಡತಿ ಮೆಲ್ಲಗೆ ಹೇಳಿದಳು, "ಏನ್ರೀ, ಬೆಳಿಗ್ಗೆ ಉಪ್ಪು ನೋಡಿದ್ರಲ್ಲ?" ಅವಳು ಅದೇ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವಳು.

"ಉಪ್ಪು ನೋಡೋದನ್ನೂ ತಿನ್ನೋದು ಅಂತಾರೇನೇ?"

"ಬೇಳೆಗೆ ಎರಡು ಸಲ, ತರಕಾರಿಗೆ ಮೂರು ಸಲ. ಆಮೇಲೆ ಹಾಲಿಗೆ ಸಕ್ಕರೆ ಸಾಕಾ ಅಂತ ಅರ್ಧ ಲೋಟ ಇಳಿಸಿದ್ರಿ."

ಇಪ್ಪತ್ತೆರಡು ವರ್ಷದಿಂದ ಸೌಟಿನ ತುದಿಯಿಂದ ಎಡ ಅಂಗೈಗೆ ಸುರಿದುಕೊಂಡು ನೆಕ್ಕಿದವನು. ಕೈ ಬಾಯಿಗೆ ಹೋದದ್ದೇ ಅವನಿಗೆ ಗೊತ್ತಾಗಿರಲಿಲ್ಲ. ಸ್ಕ್ಯಾನಿನವಳು ನಕ್ಕುಬಿಟ್ಟಳು. "ಹೊಟ್ಟೆಗೆ ಏನು ಬಿದ್ರೂ ಹರಿವು ಏರುತ್ತೆ, ಚೆನ್ನಾಗಿರೋರಿಗೂ ಅಷ್ಟೇ. ಇದನ್ನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ನಾಳೆ ಖಾಲಿ ಹೊಟ್ಟೇಲಿ ಬನ್ನಿ."

ಹೋದ ಜೀವ ಬಂದಂತಾಯಿತು. ಅಂಗೈಯ ಮೇಲೆ ಅವನಿಗೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಅವನು, ಸೌಟು ಹೆಂಡತಿಯ ಕೈಯಲ್ಲಿ. ಅಭ್ಯಾಸಬಲದಿಂದ ಅವನ ಅಂಗೈ ಮುಂದೆ ಬಂದಾಗಲೆಲ್ಲ ಅವಳು ಪಟ್ಟೆಂದು ಹೊಡೆದಳು.

"ಉಪ್ಪು ಒಂದು ಹಿಡಿ ಕಮ್ಮಿ," ಎಂದಳು.

"ನಿನ್ನ ಹಿಡೀನೋ ನನ್ನ ಹಿಡೀನೋ?"

ಇಬ್ಬರೂ ನಕ್ಕರು. ಹೊರಡುವ ಮೊದಲು ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದ.

ಸ್ಕ್ಯಾನಿನವಳು ಒಮ್ಮೆ ಅಳೆದಳು. ಜಾಗ ಬದಲಿಸಿ ಮತ್ತೆ ಅಳೆದಳು. ಉಸಿರು ಹಿಡಿಯಲು ಹೇಳಿ ಮೂರನೆಯ ಸಲ ಅಳೆದಳು. ಬುಸ್ ಬುಸ್ ಸದ್ದು ನಿನ್ನೆಯಂತೆಯೇ ಇತ್ತು. ಅವಳು ಇವತ್ತು ನಗಲಿಲ್ಲ.

"ಇವತ್ತೂ ಉಪ್ಪು ನೋಡಿದ್ರಾ?" ಹೌದೆನ್ನಲಿ ಎಂದು ಬೇಡಿಕೊಳ್ಳುವಂತಿತ್ತು ಅವಳ ದನಿ. "ಸ್ವಲ್ಪ ಆದ್ರೂ?"

ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವನು ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದ್ದಳು.

ಅವನು ಎಡಗೈಯನ್ನು ಮೇಲೆತ್ತಿ ಬೆಳಕಿಗೆ ಹಿಡಿದ. ಅಂಗೈ ಒಣಗಿತ್ತು, ಸೋಪಿನ ವಾಸನೆ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಹೆಂಡತಿ ಹತ್ತಿರ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.