ಚಿಕ್ಕಪ್ಪನ ಆದಿತಾಳ

ಏಳು ಕೆರೆಯಾಚೆ, ಎಂಟನೆಯದು ಹೆಪ್ಪುಗಟ್ಟಿದ ನಾಡಿನಲ್ಲಿ ಒಂದು ನಗಾರಿ ಇತ್ತಂತೆ; ಕಿವಿ ಹೋದವರಿಗೂ ಕೇಳಿಸುತ್ತಿತ್ತಂತೆ. ಈ ಕಥೆ ಹೇಳಿ ನನ್ನನ್ನು ಬೆಳೆಸಿದ ಅಜ್ಜಿ ಕಮಲಮ್ಮನಿಗೆ ಈಗ ದಪ್ಪ ಸದ್ದು ಮಾತ್ರ ಕೇಳುತ್ತದೆ. ಅದೂ ಇನ್ನು ಕೆಲವೇ ತಿಂಗಳು ಅಂದಿದ್ದಾರೆ ಡಾಕ್ಟರು. ಹಿಮದ ಪರದೇಶಕ್ಕೆಂದು ಮೈಸೂರು ಬಿಡುವಾಗ, "ಅಲ್ಲಿ ಆ ನಗಾರಿ ಸಿಕ್ಕರೆ ಫೋನಲ್ಲಿ ಕೇಳಿಸೇ" ಅಂದಿದ್ದಳು. ಹೂಂ ಅಂದಿದ್ದೆ.

ಸಿಕ್ಕಿದ್ದು ಇಲ್ಲಿನ ಎಟೋಬಿಕೋಕ್ ಎಂಬ ಊರಿನಲ್ಲಿ, ಟೈಲ್ಸ್ ಗೋದಾಮಿನ ಹಿಂದೆ: ನಗಾರಿ ಬಡಿದು ಕುಣಿಯುವ ಸಾಂಬಾ ಶಾಲೆಯ ಸಂಜೆ ತಾಲೀಮು. ನಾನು ಅರಮನೆ ಕನಸು ಕಂಡಿದ್ದೆ. ಇಲ್ಲಿ ಗರಿಯ ಕಿರೀಟ ಪ್ಲಾಸ್ಟಿಕ್ ಚೀಲದಲ್ಲಿತ್ತು. ಕುಣಿಯುವ ರಾಣಿ ಥರ್ಮಲ್ ಪ್ಯಾಂಟಿನ ಮೇಲೆ ಮಿರುಗುವ ಪಟ್ಟಿ ಬಿಗಿದು ಡೋನಟ್ ತಿನ್ನುತ್ತಿದ್ದಳು.

ಕರೆತಂದದ್ದು ಪಕ್ಕದೂರು ಸ್ಟೌಫ್‌ವಿಲ್‌ನಲ್ಲಿರುವ ಚಿಕ್ಕಪ್ಪ ಮಧುಸೂದನ್. ಬಾಲ್ಯದಲ್ಲಿ ಆರು ತಿಂಗಳು ಮೃದಂಗ ಕಲಿತವರು. ಆ ಆರು ತಿಂಗಳನ್ನು ದಾರಿಯುದ್ದಕ್ಕೂ ಕಾರಿನಲ್ಲಿ ಬಡಿಸಿದ್ದರು.

ನಲವತ್ತು ನಗಾರಿಗಳ ಮುಂದೆ ಗುರು ರೆನಾಟಾ. ಅವಳು ಅಂಗೈ ಮೇಲಕ್ಕೆ ತಿರುಗಿಸಿದರೆ ಎಲ್ಲರೂ ನಿಲ್ಲಿಸಬೇಕು. ಚಿಕ್ಕಪ್ಪ ಹೋಗಿ ಅವಳ ಪಕ್ಕದಲ್ಲೇ ನಿಂತರು.

ಅಜ್ಜಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಕಾಫಿ ಹೊತ್ತು. ನಗಾರಿ ಎದ್ದಿತು. ಚಿಕ್ಕಪ್ಪ ಕೈಯಲ್ಲಿ ಆದಿತಾಳ ಹಾಕಲು ಶುರು ಮಾಡಿದರು: ಒಂದು ಪೆಟ್ಟು, ಮೂರು ಬೆರಳು, ಮತ್ತೆ ಪೆಟ್ಟು, ಅಂಗೈ ತಿರುವು. ಅಷ್ಟೇ, ಹಿಂದಿನ ಸಾಲು ಗಪ್ಪನೆ ನಿಂತಿತು, ಬೆನ್ನಿಗೇ ಉಳಿದವರೂ.

"ಶುರುವಾಯ್ತೇನೇ? ಏನೂ ಕೇಳಲ್ವಲ್ಲೇ!" ಅಂದಳು ಅಜ್ಜಿ.

ಮತ್ತೆ ಎದ್ದಿತು. ಮತ್ತೆ ತಿರುವು. ಮತ್ತೆ ಗಪ್‌ಚುಪ್.

"ಚಿಕ್ಕಪ್ಪಾ, ನಿಮ್ಮ ಕೈ ನೋಡಿ ನಿಲ್ಲಿಸ್ತಿದ್ದಾರೆ!"

"ಸುಮ್ನಿರಮ್ಮ. ಬೇಸಿಕ್ ಲಯಾನೇ ಇಲ್ಲ ಇವ್ರಿಗೆ. ಎಂಟು ಎಣಿಕೆ ಮುಗಿಸದೆ ಸರಿಯಾಗಿ ಆರಕ್ಕೇ ನಿಲ್ಲಿಸ್ತಾರಲ್ಲ, ನೋಡು!"

ಆರನೆಯದು ತಮ್ಮದೇ ಅಂಗೈ ಅಂತ ಆ ಮಹಾವಿದ್ವಾಂಸರಿಗೆ ಹೊಳೆಯಲಿಲ್ಲ. ರೆನಾಟಾ ಗಡಿಯಾರ ನೋಡಿ, "ಕೊನೇ ಸಲ, ಆಮೇಲೆ ಮನೆಗೆ" ಎಂದು ಇಂಗ್ಲಿಷಿನಲ್ಲಿ ಸಿಡುಕಿದಳು.

ಉಷಾ ಚಿಕ್ಕಮ್ಮ ಕೊಟ್ಟ ಪುಳಿಯೋಗರೆಯ ಎರಡು ಡಬ್ಬಿ ನನ್ನ ಚೀಲದಲ್ಲಿದ್ದವು. ಚಿಕ್ಕಪ್ಪನ ಒಂದೊಂದು ಕೈಗೆ ಒಂದೊಂದು ತುರುಕಿದೆ.

"ಮುಚ್ಚಳ ಸಡಿಲ, ಚಿಕ್ಕಪ್ಪ. ಅಲ್ಲಾಡಿಸಿದ್ರೆ ಹೊಸ ಜಾಕೆಟ್ಟಿಗೆ ಎಣ್ಣೆ."

ಲಯಕ್ಕಿಂತ ಜಾಕೆಟ್ಟು ದೊಡ್ಡದು. ಕಲ್ಲಾದರು.

ನಗಾರಿ ಎದ್ದಿತು. ಆರು ದಾಟಿತು, ಎಂಟು ದಾಟಿತು, ನೆಲ ನಡುಗಿತು. ಫೋನನ್ನು ಎತ್ತಿ ಹಿಡಿದೆ. ಸ್ವಲ್ಪ ಹೊತ್ತಾದ ಮೇಲೆ ಕಿವಿಗಿಟ್ಟು, "ಅಜ್ಜೀ, ಕೇಳ್ತಾ?" ಎಂದು ಕಿರುಚಿದೆ.

"ಮಾತಾಡ್ಬೇಡ ಕಣೇ," ಗದರಿದಳು ಅಜ್ಜಿ, "ನಗಾರಿ ಕೇಳ್ತಿದ್ದೀನಿ."