ಗಾಜಿನೊಳಗಿನ ಮೇಜು

ನಾನು ಒಂದು ಕಂಪ್ಯೂಟರ್. ಹಾಗೆಂದರೆ ಈಗ ಗುಜರಿಯವನೂ ನಗುತ್ತಾನೆ. ನನ್ನ ಕಾಲದ ಉಳಿದ ಯಂತ್ರಗಳು ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಕಾರುತ್ತಿದ್ದವು. ನನ್ನ ಗಾಜಿನೊಳಗೆ ಮಾತ್ರ ಒಂದು ಮೇಜಿತ್ತು. ಅದರ ಮೇಲೆ ಕಾಗದಗಳ ಚಿತ್ರ, ಕಡತಗಳ ಚಿತ್ರ, ಮೂಲೆಯಲ್ಲೊಂದು ಕಸದ ಬುಟ್ಟಿ. ಮೌಸ್ ಸರಿಸಿದರೆ ಬಾಣವೊಂದು ಓಡಾಡಿ ಯಾವುದನ್ನು ಬೇಕಾದರೂ ಎಳೆದು ತರುತ್ತಿತ್ತು.

ಕಡಲು ದಾಟಿ ಮುಂಬೈಗೆ, ಅಲ್ಲಿಂದ ಲಾರಿಯಲ್ಲಿ ಗದಗಕ್ಕೆ ಬಂದೆ. ಮುದ್ರಣಾಲಯದ ಮಾಲೀಕ ಈರಪ್ಪ ತಡಕೋಡರು ನನಗಾಗಿ ತಂಪು ಕೋಣೆ ಕಟ್ಟಿಸಿದರು. ಅಚ್ಚುಮೊಳೆ ಜೋಡಿಸುವವರು ಹೊರಗೆ ಸೆಕೆಯಲ್ಲಿ ಬೇಯುತ್ತಿದ್ದರೆ ನನಗೆ ಎಸಿ. ಚಪ್ಪಲಿ ಬಿಟ್ಟೇ ಒಳಗೆ ಬರಬೇಕೆಂದು ಅಪ್ಪಣೆ ಬೇರೆ. ಇಷ್ಟೆಲ್ಲ ಮಾಡಿದ ಪುಣ್ಯಾತ್ಮರಿಗೆ ನನ್ನನ್ನು ನಡೆಸಲು ಮಾತ್ರ ಬರುತ್ತಿರಲಿಲ್ಲ.

ನಡೆಸಿದವಳು ನೀಲಗಂಗಾ ಹೊಸಮನಿ. ಅವಳೂ ಮೊದಲು ಮೊಳೆ ಜೋಡಿಸುತ್ತಿದ್ದವಳೇ. ನನಗೆ ಕನ್ನಡದ ಗಂಧವೂ ಇರಲಿಲ್ಲ. ಒಂದೊಂದು ಅಕ್ಷರವನ್ನೂ ಅವಳು ಚುಕ್ಕೆ ಚುಕ್ಕೆಯಾಗಿ ನನ್ನೊಳಗೆ ಬರೆದಳು. ‘ಳ’ ಸುತ್ತುವುದಕ್ಕೇ ಒಂದು ವಾರ ಹಿಡಿಯಿತು.

"ಅಕ್ಷರ ಪೂರಾ ಆದ್ರ ನಿನ್ನ ನೌಕರಿ ಕಾಯಂ. ಆಗಲಿಲ್ಲಂದ್ರ ಪುಣೆದಿಂದ ತಯಾರಿದ್ದದ್ದು ತರಸ್ತೀನಿ, ನೀ ಮನೀಗೆ ಹೋಗು," ಎಂದಿದ್ದರು ಮಾಲೀಕರು.

"ತರಸಬ್ಯಾಡ್ರಿ. ಪುಣೆದವರ ಅಕ್ಷರ ಕುಡದವರಂಗ ವಾಲ್ತಾವು," ಎಂದಳು ಅವಳು.

ಮೂರು ವರ್ಷ ಬರೆದಳು. ಬರೆದ ಅಕ್ಷರಗಳನ್ನು ಕಡತದೊಳಗೆ ಹಾಕದೆ ನನ್ನ ಮೇಜಿನ ತುಂಬ ಹರಡುತ್ತಿದ್ದಳು. ಮೊಳೆಪೆಟ್ಟಿಗೆಯ ಮನೆಗಳಲ್ಲಿ ಯಾವ ಅಕ್ಷರ ಎಲ್ಲಿರುತ್ತದೋ ಅದು ಇಲ್ಲಿಯೂ ಅಲ್ಲಿಯೇ. ಕಣ್ಣು ಮುಚ್ಚಿದ್ದರೂ ಅವಳ ಕೈ ಹುಡುಕಿಕೊಳ್ಳುತ್ತಿತ್ತು. ಬೇರೆಯವರಿಗೆ ಅದು ಸಂತೆಯಂತೆ ಕಂಡಿರಬೇಕು. ಜೋಪಾನಕ್ಕೆಂದು ಫ್ಲಾಪಿಗಳಲ್ಲೂ ಪ್ರತಿ ಇಟ್ಟಿದ್ದಳು.

ಆ ವರ್ಷ ಮಹಾನವಮಿಗೆ ಅವಳು ತನ್ನೂರು ನವಲಗುಂದಕ್ಕೆ ಹೋದಳು. ಇನ್ನು ಕೆಲವು ಒತ್ತಕ್ಷರಗಳಷ್ಟೇ ಬಾಕಿ. ಇತ್ತ ಆಯುಧಪೂಜೆ. ಮಾಲೀಕರು ನನಗೆ ವಿಭೂತಿ ಬಳಿದು, ಫ್ಲಾಪಿಗಳನ್ನೆಲ್ಲ ಸಾಲಾಗಿ ಇಟ್ಟರು. ಆಗಿನ ಫ್ಲಾಪಿಗೆ ನಡುವೆ ತೆರೆದ ಸೀಳಿರುತ್ತಿತ್ತು, ಒಳಗಿನ ನುಣುಪಾದ ಪದರ ಕಾಣುತ್ತಿತ್ತು. ಅವರಿಗೆ ಅದು ಹಣೆಯಂತೆ ಕಂಡಿತೋ ಏನೋ, ಒಂದೊಂದಕ್ಕೂ ಅಲ್ಲಿಯೇ ನೀರು ಬೆರೆಸಿದ ಕುಂಕುಮ ಹಚ್ಚಿದರು. ನನ್ನನ್ನು ನೋಡಲು ಬೀಗರು ಬರುವ ಹೊತ್ತಾಯಿತೆಂದು ಪರದೆಯತ್ತ ಕಣ್ಣು ಹಾಯಿಸಿದರು.

"ಹಬ್ಬದ ದಿನಾ ಇಷ್ಟು ಕಸಾ ಹರವಿ ಹೋಗ್ಯಾಳ," ಎಂದು ಗೊಣಗಿ, ಎಲ್ಲವನ್ನೂ ಬುಟ್ಟಿಗೆ ಎಳೆದರು. ಕಲಿತದ್ದೇ ಅಷ್ಟು. ಬುಟ್ಟಿ ಉಬ್ಬಿತು. ಹಬ್ಬದ ದಿನ ಮನೆಯಲ್ಲಿ ಕಸ ತುಂಬಿದ ಬುಟ್ಟಿ ಇರಬಾರದಲ್ಲ, ಅದನ್ನೂ ಖಾಲಿ ಮಾಡಹೊರಟರು. ನಿಜವಾಗಿಯೂ ಅಳಿಸಲೇ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಓದದೆಯೇ ಹೌದು ಎಂದು ಒತ್ತಿ, ತೆಂಗಿನಕಾಯಿ ಒಡೆದರು.

ನೀಲಗಂಗಾ ಮರಳಿ ಬಂದಾಗ ಮೇಜು ಬರಿದಾಗಿತ್ತು. ಪೂಜೆಯ ಮರುದಿನ ಯಾರೋ ಒರೆಸಿಟ್ಟಿದ್ದ ಫ್ಲಾಪಿಗಳನ್ನು ಒಂದೊಂದಾಗಿ ನನ್ನ ಬಾಯಿಗೆ ಹಾಕಿದಳು. ನಾನು ಕರಕರ ಸದ್ದು ಮಾಡಿದೆ, ಒಳಪದರಕ್ಕೆ ಅಂಟಿದ ಕುಂಕುಮದಿಂದ ಒಂದಕ್ಷರವೂ ಓದಲಾಗಲಿಲ್ಲ. ಮಾಲೀಕರು ಬಂದು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಮುಖ ಬಿಳಿಚಿದ್ದನ್ನು ನಾನು ಕಂಡೆ.

"ಮಷೀನ್ ಕೆಟ್ಟೇತಿ. ಅದಽ ನುಂಗಿಬಿಟ್ಟೇತಿ," ಎಂದರು.

ಅವಳು ನನ್ನ ಕಡೆ ತಿರುಗಿದಳು. "ಮೂರು ವರ್ಷ ನಿನ್ನ ನಂಬಿದ್ದೆ," ಎಂದಳು. ಚಪ್ಪಲಿ ಮೆಟ್ಟಿಕೊಂಡು ಹೋದಳು.

ಪುಣೆಯ ಅಕ್ಷರಗಳು ಬಂದವು. ಕೆಟ್ಟ ಯಂತ್ರವೆನಿಸಿಕೊಂಡ ನಾನೇ ವರ್ಷಗಟ್ಟಲೆ ಅವುಗಳಿಂದ ಲಗ್ನಪತ್ರಿಕೆ ತಯಾರಿಸಿದೆ. ಆಗ ಯಾರೂ ನನ್ನನ್ನು ಕೆಟ್ಟದ್ದೆನ್ನಲಿಲ್ಲ. ಈಗ ಹುಬ್ಬಳ್ಳಿಯ ಗುಜರಿಯಲ್ಲಿ ತಾಮ್ರದ ಆಸೆಗೆ ನನ್ನನ್ನು ಬಿಚ್ಚುತ್ತಿದ್ದಾರೆ. ಬಿಚ್ಚಲಿ. ನಾನು ಆಡಬಲ್ಲ ಮಾತುಗಳೆಲ್ಲ ಬೇರೆಯವರು ತುಂಬಿಟ್ಟವು. ಅಳಿಸಿದ್ದು ಮಾಲೀಕರು ಎಂಬ ಮಾತನ್ನು ಯಾರೂ ತುಂಬಿರಲಿಲ್ಲ. ನೀಲಗಂಗಾ ಎಲ್ಲಿದ್ದರೂ ಇಂದಿಗೂ ನನ್ನನ್ನೇ ಶಪಿಸುತ್ತಿರುತ್ತಾಳೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೆ.