ರಾಜಪ್ಪನ ಕಾಲಿಗಷ್ಟೇ ಬಗ್ಗುವ ಗಾಡಿ

ನಾನು ಸೊರಬದಲ್ಲಿ ಗಾಡಿ ರಿಪೇರಿ ಮಾಡುವವನು, ಹೆಸರು ವಸಂತ. ಇಪ್ಪತ್ತೆರಡು ವರ್ಷದಲ್ಲಿ ಸುಳ್ಳು ಹೇಳಿದ್ದು ಎರಡೇ ಸಲ. ಎರಡು ಸಲವೂ ಗಿರಾಕಿ "ಸಂಜೆಗೆ ಆಗ್ತದಾ?" ಎಂದು ಕೇಳಿದ್ದ. ಹಾಗಾಗಿ ಗುಡವಿ ಹತ್ತಿರದ ರಾಜಪ್ಪನ ಪಿಕಪ್ ಬಗ್ಗೆ ನಾನು ಹೇಳುವುದನ್ನು ಧಾರಾಳವಾಗಿ ನಂಬಬಹುದು.

ಆ ಗಾಡಿಯ ಎಕ್ಸಲೇಟರ್ ಎಷ್ಟು ಬಿಗಿ ಎಂದರೆ, ಹದಿನೇಳು ವರ್ಷ ತುಳಿದೂ ತುಳಿದೂ ರಾಜಪ್ಪನ ಬಲಗಾಲು ಎಡಗಾಲಿಗಿಂತ ಎರಡು ಬೆರಳು ಉದ್ದವಾಗಿತ್ತು. ಟೇಪು ಹಿಡಿದು ಅಳೆದವನು ನಾನೇ. ಸವೆಯುವುದು ಬಲಗಾಲಿನ ಚಪ್ಪಲಿ ಮಾತ್ರ. ಎಡಗಾಲಿನವು ಹನ್ನೊಂದು ಹೊಚ್ಚ ಹೊಸದಾಗಿ ಅಟ್ಟದ ಮೇಲಿದ್ದವು. ಒತ್ತುವುದು ಎಷ್ಟು ಕಷ್ಟವೋ ಒತ್ತಿದ್ದು ಏಳುವುದೂ ಅಷ್ಟೇ ಕಷ್ಟ. ಒಮ್ಮೆ ಚಂದ್ರಗುತ್ತಿಯಲ್ಲಿ ಒತ್ತಿದ್ದು ಗುಡವಿ ಕೆರೆ ಬಂದರೂ ಎದ್ದಿರಲಿಲ್ಲ. ಇಂಜಿನ್ನಿನ ಸದ್ದಿಗೆ ಕೆರೆಯ ಹಕ್ಕಿಗಳೆಲ್ಲ ಹಾರಿಹೋದವು. ಮೊಟ್ಟೆಯ ಮೇಲೆ ಕೂತವು ಮಾತ್ರ ಕೂತಲ್ಲೇ ಬೈದವು.

ರಾಜಪ್ಪನಿಗೆ ಇದೊಂದು ಹೆಮ್ಮೆ. "ಇದು ನನ್ ಕಾಲಿಗಷ್ಟೇ ಬಗ್ಗೋ ಗಾಡಿ" ಎನ್ನುತ್ತಿದ್ದ. ಈ ವರ್ಷ ಅವನ ಮಂಡಿ ಕೈಕೊಟ್ಟಿತು. ಡಾಕ್ಟರು ಸ್ಟೇರಿಂಗ್ ಮುಟ್ಟಬೇಡ ಎಂದರು. ಮಗ ಸುರೇಂದ್ರನಿಗೆ ಶಿಕಾರಿಪುರದಲ್ಲಿ ಆಫೀಸು ಕೆಲಸ. ಅವನಿಗೆ ಬಸ್ಸಿನಲ್ಲಿ ಕೂತರೇ ತಲೆ ಸುತ್ತುತ್ತದೆ. ಸರಿ, ಮಾರಿಬಿಡುವುದು ಎಂದು ರಾಜಪ್ಪ ತೀರ್ಮಾನಿಸಿದ.

ಮಾರಕೂಡದು ಎಂದವಳು ಸೊಸೆ ಚೈತ್ರ. ಎರಡು ತಿಂಗಳ ಹಿಂದೆ ಸಾಗರಕ್ಕೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡು ಬಂದಿದ್ದಳು. ಹೊಲದ ಅನಾನಸನ್ನು ತಾನೇ ಶಿರಸಿಗೆ ಒಯ್ಯಬೇಕು, ಅಕ್ಕಪಕ್ಕದವರದ್ದನ್ನೂ ಬಾಡಿಗೆಗೆ ಹೇರಬೇಕು ಎಂಬುದು ಅವಳ ಲೆಕ್ಕಾಚಾರ. ಒಂದು ದಿನ ಬೆಳಿಗ್ಗೆ ಹತ್ತಕ್ಕೆ ನನಗೆ ಫೋನು ಮಾಡಿದಳು.

"ವಸಂತಣ್ಣ, ಸಂಜೆ ನಾಲ್ಕಕ್ಕೆ ಶಿಕಾರಿಪುರದವ್ರು ಗಾಡಿ ನೋಡಕ್ಕೆ ಬರ್ತಾರೆ. ನಾನು ರಸ್ತೆ ತನಕ ಓಡಿಸಿಕೊಂಡು ಹೋಗಿ ವಾಪಸ್ ತಂದ್ರೆ ಮಾರಲ್ಲ ಅಂತ ಮಾವ ಮಾತು ಕೊಟ್ಟಿದಾರೆ."

"ಓಡಿಸಮ್ಮ ಮತ್ತೆ."

"ಎರಡೂ ಕಾಲಿಟ್ಟು ಪೆಡಲ್ ಮೇಲೆ ನಿಂತೆ ಅಣ್ಣ. ಅಲ್ಲಾಡ್ಲಿಲ್ಲ."

ನಾನು ಹೋದಾಗ ರಾಜಪ್ಪ ಜಗಲಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಏನೋ ವಸಂತ, ಗಾಡೀನ ಹೆಂಗಸ್ರ ಕಾಲಿಗೆ ಬಗ್ಗಸಕ್ಕೆ ಬಂದ್ಯಾ?"

"ಇಲ್ಲ ರಾಜಪ್ಪಣ್ಣ, ಮನುಷ್ಯರ ಕಾಲಿಗೆ ಬಗ್ಗಿದ್ರೆ ಸಾಕು."

ಬಾನೆಟ್ ಎತ್ತಿ ಇಂಜಿನ್ ಕಡೆಯ ಕೇಬಲ್ ತುದಿ ಬಿಚ್ಚಿದೆ. ಅಲ್ಲಿನ ಲಿವರನ್ನು ಬೆರಳಲ್ಲಿ ತಳ್ಳಿದರೆ ಹಗುರವಾಗಿ ಹೋಗಿ ಬಂತು. ಪೆಡಲ್ ಕಡೆಯದನ್ನೂ ಬಿಚ್ಚಿ ತುಳಿದೆ, ಅದೂ ಹಗುರ. ಹಾಗಾದರೆ ಕಳ್ಳ ಇರುವುದು ಕೇಬಲಿನೊಳಗೇ. ಅದನ್ನು ಹೊರಗೆ ತೆಗೆದು ಒಂದು ತುದಿಯನ್ನು ತೆಂಗಿನ ಮರಕ್ಕೆ ಕಟ್ಟಿ, ಒಳಗಿನ ತಂತಿಯನ್ನು ನಾನೂ ಚೈತ್ರಳೂ ಸೇರಿ ಎಳೆದೆವು. ತಂತಿ ಬರಲಿಲ್ಲ. ತೆಂಗು ಬಾಗಿ ಎರಡು ಎಳನೀರು ಉದುರಿಸಿತು. ಕುಡಿದು ಮತ್ತೆ ಎಳೆದೆವು. ಆಗ ಒಂದು ಗೇಣು ಬಂತು. ಅದರ ಮೈತುಂಬ ಕಪ್ಪಗೆ ಅಂಟು.

"ಇದಕ್ಕೆ ಎಣ್ಣೆ ಕಾಣಿಸಿ ಎಷ್ಟು ವರ್ಷ ಆಯ್ತು?" ಎಂದೆ.

ರಾಜಪ್ಪನಿಗೆ ಸಿಟ್ಟು ಬಂತು. "ಎಷ್ಟು ವರ್ಷ ಅಂತೆ! ಪ್ರತಿ ಅಮಾವಾಸ್ಯೆ ಗಾಡಿ ತೊಳೆದು, ಊದಿನಕಡ್ಡಿ ಹಚ್ಚಿ, ನಿಂಬೆಹಣ್ಣು ಇಟ್ಟು, ಆಮೇಲೆ ಇದೇ ಕೈಯಲ್ಲಿ ಎಣ್ಣೆ ಬಿಟ್ಟಿದೀನಿ. ಬಿಗಿ ಆದಷ್ಟೂ ಜಾಸ್ತಿ ಬಿಟ್ಟೆ."

"ಯಾವ ಎಣ್ಣೆ?"

ಕೊಟ್ಟಿಗೆ ಮೂಲೆಯಿಂದ ಒಂದು ಕಪ್ಪು ಡಬ್ಬ ತಂದ. ಬೆರಳದ್ದಿ ಮೂಸಿದೆ, ಆಮೇಲೆ ನಾಲಿಗೆಗೆ ಮುಟ್ಟಿಸಿದೆ. ಒಗರು. ಅಷ್ಟರಲ್ಲಿ ಒಳಗಿಂದ ಬಂದ ಅವನ ಹೆಂಡತಿ ಮೂಕಮ್ಮ ಡಬ್ಬ ನೋಡಿ ಸೆರಗು ಬಾಯಿಗಿಟ್ಟುಕೊಂಡಳು.

"ಅಯ್ಯೋ, ಅದು ನನ್ ಚೊಗರಿನ ಡಬ್ಬ ಕಣ್ರೀ! ಸುಟ್ಟ ಆಯಿಲ್ ಡಬ್ಬ ಅದರ ಪಕ್ಕದ್ದು!"

ಅಡಿಕೆ ಬೇಯಿಸಿದ ನೀರನ್ನೇ ಬತ್ತಿಸಿ, ಅಡಿಕೆಗೆ ಬಣ್ಣ ಹಿಡಿಸಲು ಇಟ್ಟುಕೊಳ್ಳುವ ಮಂದ ರಸ ಚೊಗರು. ನೋಡಲು ಸುಟ್ಟ ಆಯಿಲಿನಂತೆಯೇ ಇರುತ್ತದೆ. ಒಣಗಿದರೆ ಕಲ್ಲು. ಹದಿನೇಳು ವರ್ಷದ ಅಮಾವಾಸ್ಯೆಗಳು ಆ ಕೇಬಲಿನೊಳಗೆ ಒಂದರ ಮೇಲೊಂದು ಕೂತಿದ್ದವು.

"ಡಬ್ಬದಲ್ಲಿ ಚೊಗರು ಕಡಿಮೆ ಆಗ್ತದೆ ಅಂತ ನಾನು ಪಕ್ಕದ್ಮನೆ ಬಂಗಾರಮ್ಮನ ಹತ್ರ ಮಾತು ಬಿಟ್ಟು ಒಂಬತ್ತು ವರ್ಷ ಆಯ್ತಲ್ರೀ!" ಎಂದಳು ಮೂಕಮ್ಮ.

ರಾಜಪ್ಪ ಮತ್ತೆ ಮಂಡಿ ತಿಕ್ಕಿಕೊಂಡ.

ಹೊಸ ಕೇಬಲ್ ಬೇಕೆಂದರೆ ಶಿಕಾರಿಪುರಕ್ಕೇ ಹೋಗಬೇಕು, ಅಷ್ಟು ಹೊತ್ತಿಲ್ಲ. ನಾನು ಡೀಸೆಲ್ ಹಾಕಿ ನೋಡಿದೆ, ಕರಗಲಿಲ್ಲ. ಮೂಕಮ್ಮ ನನ್ನನ್ನು ಪಕ್ಕಕ್ಕೆ ಸರಿಸಿದಳು. "ಚೊಗರಿನ ಕೈ ತೊಳೆಯೋಕೆ ಡೀಸೆಲ್ ಹಾಕ್ತಾರೇನೋ? ಬಿಸಿನೀರು ತಾ."

ಹಂಡೆಯಲ್ಲಿ ಕೇಬಲನ್ನು ಸುರುಳಿ ಸುತ್ತಿ ಒಂದು ತಾಸು ಬೇಯಿಸಿದಳು. ನೀರು ಕೆಂಪಾಯಿತು. ನಾನು ಚೆಲ್ಲಲು ಹೋದರೆ ಬಿಡಲಿಲ್ಲ. "ಒಳ್ಳೆ ಬಣ್ಣ ಇದೆ" ಎಂದು ಬಕೆಟ್ಟಿಗೆ ಬಗ್ಗಿಸಿಟ್ಟಳು. ಮೂರನೇ ನೀರಿಗೆ ತಂತಿ ತಾನಾಗಿ ಜಾರಿತು. ಊದಿ, ಬಿಸಿಲಿಗೆ ಒಣಗಿಸಿ, ತೊಟ್ಟು ತೊಟ್ಟಾಗಿ ಮೆಷಿನ್ ಎಣ್ಣೆ ಬಿಟ್ಟು, ಎರಡೂ ತುದಿ ಜೋಡಿಸುವಷ್ಟರಲ್ಲಿ ಮೂರೂಮುಕ್ಕಾಲು. ಚೈತ್ರ ಹತ್ತಿ ಸ್ಟಾರ್ಟ್ ಮಾಡಿ, ಪೆಡಲನ್ನು ಕಾಲಿನ ಹೆಬ್ಬೆರಳಲ್ಲಿ ಒತ್ತಿದಳು. ಇಂಜಿನ್ ಗುರ್ ಎಂದಿತು. ಬಿಟ್ಟಳು, ಸುಮ್ಮನಾಯಿತು.

"ಹೊರಡು ಮಗಳೇ" ಎಂದೆ. ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು. ಕೊಳ್ಳುವವನು, ಶಿಕಾರಿಪುರದ ಮಹೇಶ್ವರಪ್ಪ.

"ನಮಸ್ಕಾರ್ರೀ. ಗಾಡಿ ಚಲೋ ಐತೇನ್ರಿ?"

ಚೈತ್ರ ಮಾವನ ಮುಖ ನೋಡಿದಳು. "ಮಾವ, ಇನ್ನೂ ನಾಲ್ಕಾಗಿಲ್ಲ."

"ಬಂದವರನ್ನ ನಿಲ್ಲಿಸ್ತಾರೇನೇ? ಇಳಿ. ಮೊದ್ಲು ನಾನು ತೋರಿಸ್ತೀನಿ" ಎಂದ ರಾಜಪ್ಪ.

"ಅಣ್ಣ, ಈಗ ಅದು ಹಗುರ ಆಗಿದೆ, ಮೆತ್ತಗೆ..." ಎಂದೆ.

"ಹದಿನೇಳು ವರ್ಷದ ಗಾಡಿ, ನೀನು ನನಗೆ ಹೇಳ್ಕೊಡ್ತೀಯಾ?"

ಹತ್ತಿದ, ಗೇರು ಹಾಕಿದ, ಎಂದಿನ ಹಾಗೆ ತುಳಿದ. ಅಂಗಳದಿಂದ ಹುಲ್ಲಿನ ಬಣವೆಗೆ ಮೂವತ್ತು ಮಾರು. ಗಾಡಿ ಅದರಲ್ಲಿ ಹತ್ತು ಮಾರು ಮಾತ್ರ ನೆಲದ ಮೇಲೆ ಹೋಯಿತು. ಆಮೇಲೆ ಬಣವೆಯ ಹೊರಗೆ ಉಳಿದದ್ದು ನಂಬರ್ ಪ್ಲೇಟು ಮತ್ತು ಒಂದು ಕೋಳಿ. ಕೋಳಿಗೆ ಏನೂ ಆಗಿರಲಿಲ್ಲ. ಮೂರು ದಿನ ಮೊಟ್ಟೆ ಇಡಲಿಲ್ಲ ಅಷ್ಟೇ.

ಬೈಕಿನ ಹಿಂದೆ ಅಡಗಿದ್ದ ಮಹೇಶ್ವರಪ್ಪ ತಲೆ ಎತ್ತಿದ. "ಏನ್ರೀ ಇದು, ಹಿಂಗ್ ಹಾರತೈತಿ! ನಂಗ ಬ್ಯಾಡ್ರಿ ಈ ಗಾಡಿ."

ಹುಲ್ಲಿನೊಳಗಿಂದ ರಾಜಪ್ಪ ಇಳಿದು ಬಂದ. ಪೆಟ್ಟೇನೂ ಆಗಿರಲಿಲ್ಲ. ಚೈತ್ರ ಹುಲ್ಲು ಸರಿಸಿ ಹತ್ತಿ, ಕೆಳಗೆ ಉರುಳಿದ್ದ ನಿಂಬೆಹಣ್ಣನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟಳು. ಗಾಡಿಯನ್ನು ಮೆತ್ತಗೆ ಹಿಂದಕ್ಕೆ ತೆಗೆದಳು, ತಿರುಗಿಸಿದಳು, ರಸ್ತೆಯ ತನಕ ಹೋದಳು, ಮೂರನೇ ಗೇರಿನಲ್ಲಿ ವಾಪಸ್ ಬಂದಳು. ಜಗಲಿಯ ಮುಂದೆ ನಿಲ್ಲಿಸಿದಾಗ ನಿಂಬೆಹಣ್ಣು ಇಟ್ಟಲ್ಲೇ ಇತ್ತು.

ಮಹೇಶ್ವರಪ್ಪ ಬೈಕು ಸ್ಟಾರ್ಟ್ ಮಾಡಿದವನು ಆಫ್ ಮಾಡಿದ. "ಅಲ್ರೀ, ಹಿಂಗಾದ್ರ ನಾ ತಗೊಂತೀನಿ."

ಎಲ್ಲರೂ ರಾಜಪ್ಪನನ್ನು ನೋಡಿದರು. ಅವನು ತಲೆಯಿಂದ ಹುಲ್ಲು ತೆಗೆದು ಬಣವೆಯ ಕಡೆ ಎಸೆದ.

"ಇಲ್ರೀ. ಮನೇಲಿ ಡ್ರೈವರ್ ಇದಾರೆ" ಎಂದ. "ಕಾಫಿ ಕುಡ್ಕೊಂಡು ಹೋಗಿ."

ಮಾರನೇ ದಿನ ಬೆಳಿಗ್ಗೆ ನಾನು ಕೇಬಲ್ ನೋಡಲು ಹೋದಾಗ ಅನಾನಸ್ ಹೇರಿ ಆಗಿತ್ತು. ಚೈತ್ರ ಸ್ಟೇರಿಂಗ್ ಹಿಡಿದು ಕೂತಿದ್ದಳು. "ಮಾವ, ಬನ್ನಿ. ಶಿರಸಿ ದಾರಿ ನಿಮಗೆ ಗೊತ್ತು."

ರಾಜಪ್ಪ ಹದಿನೇಳು ವರ್ಷದಲ್ಲಿ ಮೊದಲ ಸಲ ಆ ಕಡೆ ಸುತ್ತಿ ಹೋದ. ಎಡಬಾಗಿಲು ಎಳೆದ, ನೂಕಿದ, ಗುದ್ದಿದ. ತೆರೆದುಕೊಳ್ಳಲಿಲ್ಲ. ಕೊನೆಗೆ ಹೆಂಡತಿಯನ್ನು ಕರೆದ.

"ಲೇ, ಇದನ್ನ ತೆಗೆಯೋದು ಹ್ಯಾಗೆ?"

ಮೂಕಮ್ಮ ಕೈ ಒರೆಸಿಕೊಂಡು ಬಂದಳು. "ಸ್ವಲ್ಪ ಎತ್ತಿ ಎಳೀಬೇಕು" ಎಂದು ತೆಗೆದುಕೊಟ್ಟಳು.